ಅಣ್ಣಮ್ಮ ನಮ್ಮ ಬೀದಿಗೆ ಬಂದ ವರ್ಷದ ಲೆಕ್ಕಪತ್ರ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ತಿರುವಿನಲ್ಲಿ ಗಳಗಳ ಚೌಕಟ್ಟಿಗೆ ಸೀರಿಯಲ್ ಲೈಟುಗಳನ್ನು ಕಟ್ಟಿ ನಿಲ್ಲಿಸಿದ ಎರಡಾಳೆತ್ತರದ ದೇವಿಯೊಬ್ಬಳು ಮಿನುಗುತ್ತಿದ್ದರೆ, ಆ ಬೀದಿಯಲ್ಲಿ ಅಣ್ಣಮ್ಮನನ್ನು ಕೂರಿಸಿದ್ದಾರೆಂದು ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಮೆಜೆಸ್ಟಿಕ್‌ನ ಗುಡಿಯಲ್ಲಿರುವ ಈ ನಗರದೇವತೆಯ ಉತ್ಸವಮೂರ್ತಿಯನ್ನು ಬಡಾವಣೆಗಳವರು ತಮ್ಮಲ್ಲಿಗೆ ಕರೆತಂದು, ಕೆಲವು ದಿನ ಇರಿಸಿಕೊಂಡು ಪೂಜಿಸಿ, ಮೆರವಣಿಗೆ ಮಾಡಿ ಮರಳಿ ಕಳಿಸುವ ಪದ್ಧತಿ ಈ ನಗರದ್ದೇ ಆದದ್ದು. ಕರಗದ ಬಗ್ಗೆಯೂ ಬಸವನಗುಡಿಯ ಕಡಲೆಕಾಯಿ ಪರಿಷೆಯ ಬಗ್ಗೆಯೂ ಪ್ರತಿ ವರ್ಷ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಬೀದಿಬೀದಿಯಲ್ಲಿ ನಡೆಯುವ ಈ ಉತ್ಸವ ಮಾತ್ರ ಸಂಚಾರ ದಟ್ಟಣೆಯ ಸುದ್ದಿಯಾಗಿಯಷ್ಟೇ ಕಾಣಿಸಿಕೊಳ್ಳುತ್ತದೆ. 2024ರ ಫೆಬ್ರವರಿಯಲ್ಲಿ ಮಾಗಡಿ ರಸ್ತೆಗೆ ಹೊಂದಿಕೊಂಡ ನಮ್ಮ ಬಡಾವಣೆಯಲ್ಲಿ ನಡೆದ ಉತ್ಸವಕ್ಕೆ ನಾನು ಖಜಾಂಚಿಯಾಗಿದ್ದೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಒಳಗಿನಿಂದ ಕಂಡಷ್ಟು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಬಡಾವಣೆಗೆ ನಾಲ್ಕು ಮುಖಗಳಿವೆ. ಅಶ್ವತ್ಥಕಟ್ಟೆಯ ಸುತ್ತ ಇರುವುದು ಹಳೇ ಊರು. ನಗರ ಬಂದು ಸುತ್ತುವರಿಯುವ ಮೊದಲು ರಾಗಿ ಹೊಲಗಳ ನಡುವೆ ಇದ್ದ ಹಳ್ಳಿಯ ಮನೆಗಳವು. ಅದರಾಚೆ, ನಿವೇಶನ ಕೊಂಡು ಮೂರು ಮಹಡಿ ಎತ್ತಿದವರ ಲೇಔಟು. ಮುಖ್ಯರಸ್ತೆಯ ಕಡೆಗೆ ಲೇತ್, ಪೌಡರ್ ಕೋಟಿಂಗ್, ಅಚ್ಚಿನ ಕೆಲಸಗಳ ಸಣ್ಣ ಶೆಡ್ಡುಗಳು. ಇವುಗಳ ಸಂದಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರೂ ಶೆಡ್ಡಿನ ಕೆಲಸಗಾರರೂ ಬಾಡಿಗೆಗಿರುವ ವಠಾರಗಳು. ಒಂದು ಅಪಾರ್ಟ್‌ಮೆಂಟೂ ಇದೆ. ಅದು ನಿಂತಿರುವುದು ಹಿಂದೆ ಮಾವಿನ ತೋಪಿದ್ದ ಜಾಗದಲ್ಲಿ. ಬ್ಯಾಂಕಿನಿಂದ ನಿವೃತ್ತಳಾದ ನಾನು ಲೇಔಟಿನಲ್ಲಿ ಬಾಡಿಗೆಗಿದ್ದೇನೆ. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ಉತ್ಸವವನ್ನು ಮತ್ತೆ ಮಾಡಬೇಕೆಂದು ದೀಪಾವಳಿ ಕಳೆದ ಮೇಲೆ ಕಟ್ಟೆಯ ಬಳಿ ಸಭೆ ಸೇರಿದಾಗ, “ಮೇಡಂ, ದುಡ್ಡಿನ ಲೆಕ್ಕ ನೀವೇ ಬರ್ಕೊಳಿ, ಆಗ ಯಾರೂ ಬಾಯಿ ಬಿಡಲ್ಲ” ಎಂದು ಹಳೇ ಊರಿನ ಯಜಮಾನರು ನನ್ನ ಕೈಗೆ ಪುಸ್ತಕ ಕೊಟ್ಟರು. ಯಾವ ಬಣಕ್ಕೂ ಸೇರದ ಬಾಡಿಗೆಯವಳಾಗಿರುವುದೇ ನನ್ನ ಅರ್ಹತೆಯಾಗಿತ್ತೆಂದು ಆಮೇಲೆ ತಿಳಿಯಿತು.

ಮೊದಲ ಕೆಲಸ ದಿನಾಂಕ ಗೊತ್ತುಪಡಿಸುವುದು. ಮಾರ್ಚ್‌ನಲ್ಲಿ ದ್ವಿತೀಯ ಪಿಯು ಪರೀಕ್ಷೆ, ಅದರ ಬೆನ್ನಿಗೇ ಹತ್ತನೆಯ ತರಗತಿಯದು. ಪರೀಕ್ಷೆಯ ಹೊತ್ತಿನಲ್ಲಿ ಮೈಕು ಕಟ್ಟಿದರೆ ತಾಯಂದಿರ ಶಾಪ ತಟ್ಟುತ್ತದೆ ಎಂಬ ಮಾತಿಗೆ ಹುಡುಗರೂ ಎದುರಾಡಲಿಲ್ಲ. ಶುಕ್ರವಾರ ಕರೆತಂದು ಭಾನುವಾರ ರಾತ್ರಿ ಕಳಿಸುವುದೆಂದು ಒಪ್ಪಿ, ಯಜಮಾನರೂ ನಾನೂ ಇಬ್ಬರು ಹುಡುಗರೂ ಗುಡಿಗೆ ಹೋದೆವು. ವಾರಾಂತ್ಯಕ್ಕೆ ಬೇಡಿಕೆ ಹೆಚ್ಚು. ನಾವು ಮುಂಚಿತವಾಗಿ ಹೋದದ್ದರಿಂದ ದಿನ ಸಿಕ್ಕಿತು. ಮೂರ್ತಿಯ ಜೊತೆಯಲ್ಲಿ ಅರ್ಚಕರು ಬರುತ್ತಾರೆ, ಅವರ ಊಟ ವಸತಿ ನಮ್ಮದು, ಪೆಂಡಾಲಿನಲ್ಲಿ ರಾತ್ರಿಯಿಡೀ ಕಾವಲಿರಬೇಕು, ದೀಪ ಆರಬಾರದು ಎಂದು ನಮಗೆ ತಿಳಿಸಿದರು. ಅಲ್ಲಿಂದ ಹೊರಗೆ ಬಂದಾಗ ಎದುರಿಗೆ ಕಾಣುವ ಬಸ್ಸುಗಳ ಸಂತೆಯತ್ತ ಕೈ ತೋರಿಸಿ, ಅದು ಧರ್ಮಾಂಬುಧಿ ಕೆರೆಯಂಗಳ, ಅಮ್ಮ ಕೂತಿದ್ದದ್ದು ಕೆರೆಯ ದಡದಲ್ಲಿ ಎಂದು ಯಜಮಾನರು ಜೊತೆಗಿದ್ದ ಹುಡುಗರಿಗೆ ಹೇಳಿದರು. ಹುಡುಗರು ನಂಬಿದಂತೆ ಕಾಣಲಿಲ್ಲ.

ಚಂದಾ ಎತ್ತುವುದು ಈ ಕೆಲಸದ ಬಹುಪಾಲು. ಮೂರು ತಿಂಗಳು ಸಂಜೆಯ ಹೊತ್ತನ್ನು ಅದು ನುಂಗಿತು. ಸ್ವಂತ ಮನೆಯವರಿಗೆ 1000 ರೂಪಾಯಿ, ಬಾಡಿಗೆಯವರಿಗೆ 300, ಶೆಡ್ಡುಗಳಿಗೆ 2000 ಎಂದು ಸಭೆ ದರ ಗೊತ್ತುಮಾಡಿತ್ತು. ಅದಕ್ಕಿಂತ ಕಡಿಮೆ ಕೊಟ್ಟರೂ ರಸೀದಿ ಕೊಡಲೇಬೇಕೆಂಬುದು ನಾನು ಹಾಕಿದ ಷರತ್ತು. ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿದಾಗ, ಹಲವು ವರ್ಷಗಳಿಂದ ನಾನು ಓಡಾಡಿದ ಬೀದಿಯಲ್ಲಿ ಯಾರು ಯಾರಿದ್ದಾರೆಂಬುದು ಮೊದಲ ಬಾರಿಗೆ ಗೊತ್ತಾಯಿತು. ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುವ ಮುದುಕರು ಚಂದಾಕ್ಕಿಂತ ಮಾತಿಗಾಗಿಯೇ ನಮ್ಮನ್ನು ಕೂರಿಸಿಕೊಂಡರು. ಪಿಜಿಯ ಹುಡುಗಿಯರು ತಮ್ಮ ನಡುವೆಯೇ ಸೇರಿಸಿ ಫೋನಿನಲ್ಲಿ ದುಡ್ಡು ಹಾಕಿ, ಊಟ ಯಾವ ದಿನ ಎಂದು ಕೇಳಿಕೊಂಡರು. ಶೆಡ್ಡುಗಳ ಮಾಲೀಕರಲ್ಲಿ ಕೆಲವರು ರಸೀದಿಯನ್ನು ಕಂಪನಿಯ ಹೆಸರಿನಲ್ಲಿ ಬರೆಸಿಕೊಂಡರು, ಕೆಲವರು ಹೆಸರೇ ಬೇಡ ಎಂದರು. ಮಾಂಸದಂಗಡಿಯವರು, ಕೇಳುವ ಮೊದಲೇ, ಐವತ್ತು ಕೆಜಿ ಅಕ್ಕಿ ತಮ್ಮದೆಂದು ಹೇಳಿಬಿಟ್ಟರು. ಎಲ್ಲಕ್ಕಿಂತ ನೆನಪಿನಲ್ಲಿ ನಿಂತದ್ದು ವಠಾರದ ಬಾಗಿಲುಗಳು. ಅಲ್ಲಿ ಮೊದಲು ಬಾಗಿಲು ತೆರೆದ ಹೆಂಗಸು, ಗದಗದ ಕಡೆಯವಳು, “ನಾವು ಬಾಡಿಗಿ ಮಂದಿ ಅಕ್ಕಾರ, ನಮ್ಮನ್ನೂ ಕೇಳ್ತೀರೇನು?” ಎಂದು ಬೆರಗಾಗಿ ಕೇಳಿ, ಒಳಗೆ ಹೋಗಿ ನೂರರ ನೋಟು ತಂದಳು. ಆ ಸಾಲಿನಲ್ಲಿ ದೊಡ್ಡ ಮೊತ್ತ ಒಂದೂ ಬರಲಿಲ್ಲ. ಆದರೆ ಒಂದು ಬಾಗಿಲೂ ಮುಚ್ಚಲಿಲ್ಲ. ಹೆಚ್ಚು ರಸೀದಿ ಹರಿದದ್ದು ಅಲ್ಲಿಯೇ.

ಅನುಮತಿಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪೊಲೀಸ್ ಠಾಣೆಯಲ್ಲಿ ಒಂದು ಅರ್ಜಿ ಮತ್ತು ಮುಚ್ಚಳಿಕೆ, ಸಂಚಾರ ಪೊಲೀಸರಿಗೆ ಮೆರವಣಿಗೆಯ ಹಾದಿ ಬರೆದ ಇನ್ನೊಂದು, ಆಗ ಇನ್ನೂ ಇದ್ದ ಬಿಬಿಎಂಪಿಯ ಕಚೇರಿಗೆ ರಸ್ತೆಯಲ್ಲಿ ಪೆಂಡಾಲ್ ಹಾಕಲು ಮತ್ತೊಂದು. ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಬೆಸ್ಕಾಂಗೆ ಠೇವಣಿ ಕಟ್ಟಬೇಕು, ಪರವಾನಗಿ ಇರುವ ಗುತ್ತಿಗೆದಾರರ ಸಹಿ ಬೇಕು. ಕಂಬದಿಂದ ಕೊಕ್ಕೆ ಹಾಕಿ ಕರೆಂಟ್ ಎಳೆಯುವ ಹಳೆಯ ಚಾಳಿಯನ್ನು ಈ ಸಲ ಬೇಡವೆಂದು ಬಿಟ್ಟೆವು. ಚರ್ಚೆಯಾದದ್ದು ಧ್ವನಿವರ್ಧಕದ ಬಗ್ಗೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮೈಕು ಬಳಸುವಂತಿಲ್ಲ. ವರ್ಷಕ್ಕೆ ಹದಿನೈದು ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಇದೆ ಎಂದು ಒಬ್ಬ ಹುಡುಗ ಫೋನಿನಲ್ಲಿ ಓದಿ ತೋರಿಸಿದ. ಆ ದಿನಗಳನ್ನು ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು, ಸಮಿತಿಯದ್ದಲ್ಲ ಎಂದು ಮುಂದಿನ ಸಾಲನ್ನೂ ಅವನಿಂದಲೇ ಓದಿಸಬೇಕಾಯಿತು. ತಮಟೆಯೊಂದಕ್ಕೇ 55 ಡೆಸಿಬೆಲ್ ಸಾಲದು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ, ಠಾಣೆಯಲ್ಲಿಯೂ ಗೊತ್ತಿತ್ತು. ಹತ್ತು ಗಂಟೆಯ ಗಡಿಯನ್ನಾದರೂ ಮೀರಬೇಡಿ ಎಂಬಲ್ಲಿಗೆ ಮಾತು ನಿಂತಿತು.

ಫ್ಲೆಕ್ಸ್ ವಿಷಯ ಸ್ವಲ್ಪ ಇರುಸುಮುರುಸಿನದ್ದು. ಹೈಕೋರ್ಟಿನ ಚಾಟಿಯ ನಂತರ 2018ರಲ್ಲಿಯೇ ನಗರದಲ್ಲಿ ಫ್ಲೆಕ್ಸ್‌ಗಳನ್ನು ನಿಷೇಧಿಸಲಾಗಿದೆ. ಆದರೂ ದೊಡ್ಡ ಮೊತ್ತ ಕೊಡುವವರು ದೇವಿಯ ಪಕ್ಕದಲ್ಲಿ ಕೈಮುಗಿದು ನಿಂತ ತಮ್ಮ ಚಿತ್ರವನ್ನು ಬಯಸುತ್ತಾರೆ, ಬಿಟ್ಟರೆ ದೇವಿಗಿಂತ ದೊಡ್ಡದಾಗಿಯೇ ಬಯಸುತ್ತಾರೆ. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ ಒಂದೇ ಬ್ಯಾನರ್, ಅದರಲ್ಲಿ ಯಾರ ಚಿತ್ರವೂ ಇಲ್ಲ ಎಂದು ಸಮಿತಿ ತೀರ್ಮಾನಿಸಿದ್ದರಿಂದ ಒಂದೆರಡು ದೊಡ್ಡ ಮೊತ್ತಗಳು ಕೈಬಿಟ್ಟವು. ನನಗೇನೂ ಬೇಸರವಾಗಲಿಲ್ಲ.

ನಿಜವಾದ ಜಗಳ ಹುಟ್ಟಿದ್ದು ಮೆರವಣಿಗೆಯ ಹಾದಿಯಲ್ಲಿ. ಹಿಂದಿನಿಂದಲೂ ಅಮ್ಮ ಕಟ್ಟೆಯಿಂದ ಹೊರಟು ಹಳೇ ಊರನ್ನು ಸುತ್ತಿ, ಲೇಔಟಿನ ಎರಡು ಅಡ್ಡರಸ್ತೆ ಮುಟ್ಟಿ, ಶೆಡ್ಡುಗಳ ಮುಂದೆ ಹಾದು ಬರುತ್ತಿದ್ದಳು. ಸಂಚಾರ ಪೊಲೀಸರಿಗೆ ಕೊಡುವ ಅರ್ಜಿಗೆ ಅದೇ ಹಾದಿಯನ್ನು ನಾನು ಬರೆಯುತ್ತಿದ್ದಾಗ ವಠಾರದ ಕಡೆಯಿಂದ ಏಳೆಂಟು ಹೆಂಗಸರು ಬಂದು ನಿಂತರು. ಅವರು ಕೇಳಿದ್ದು ಇಷ್ಟೇ: ರಸೀದಿ ನಮ್ಮ ಬೀದಿಗೂ ಬಂದಿದೆ, ಹಾಗಾದರೆ ಅಮ್ಮನೂ ಬರಬೇಕು. ತೊಡಕು ಎರಡಿತ್ತು. ಆ ಬೀದಿ ಮುಂದೆ ಗೋಡೆಗೆ ಮುಟ್ಟಿ ನಿಲ್ಲುವ ಓಣಿ. ದೇವಿಯನ್ನು ಕೂರಿಸಿದ ಟ್ರಾಕ್ಟರ್ ಒಳಗೆ ಹೋದರೆ ತಿರುಗಿಸಲು ಜಾಗವಿಲ್ಲ. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಸುತ್ತುವುದು ಊರಿನ ಗಡಿ, ಇಂದು ಇದ್ದು ನಾಳೆ ಮನೆ ಖಾಲಿ ಮಾಡುವವರ ಓಣಿ ಊರಿನ ಲೆಕ್ಕಕ್ಕೆ ಬರುವುದಿಲ್ಲ ಎಂಬ ಭಾವನೆ ಹಳೇ ಊರಿನ ಕೆಲವರ ಮುಖದಲ್ಲಿತ್ತು. ಚಂದಾದ ಮೊತ್ತ, ಸಮಿತಿಯ ಪದವಿ, ಮೊದಲ ಆರತಿ ಯಾರದೆಂಬ ಪಟ್ಟಿ, ಇವೆಲ್ಲವೂ ಹಾದಿಯ ಮುಂದೆ ಸಣ್ಣವು. ಒಂದು ಬಡಾವಣೆ ತನ್ನವರೆಂದು ಯಾರನ್ನು ಎಣಿಸುತ್ತದೆ ಎಂಬುದು ದೇವರು ಯಾವ ಬೀದಿಗೆ ತಿರುಗುತ್ತದೆ ಎಂಬುದರಲ್ಲಿ ತೀರ್ಮಾನವಾಗುತ್ತದೆಂದು ನನಗೆ ಆ ಸಂಜೆ ಸ್ಪಷ್ಟವಾಯಿತು.

ಅದನ್ನು ಬಿಡಿಸಿದವರು ಹಳೇ ಊರಿನ ಅತಿ ಹಿರಿಯ ಅಜ್ಜಿ. ಅವರ ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ಗುರುತಿದೆ, ಅವರ ಅಣ್ಣನೊಬ್ಬ ಆ ಕಾಯಿಲೆಯಲ್ಲಿಯೇ ಹೋದದ್ದಂತೆ. 1898ರ ಪ್ಲೇಗಿನ ಕಥೆಗಳನ್ನು ಅವರು ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದವರು. ಆ ಪ್ಲೇಗಿನ ನಂತರವೇ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ರಸ್ತೆಗಳ ಹೊಸ ಬಡಾವಣೆಗಳಾಗಿ ಎದ್ದದ್ದು, ಪ್ಲೇಗಮ್ಮನ ಗುಡಿಗಳು ನಗರದಲ್ಲಿ ಅಲ್ಲಲ್ಲಿ ತಲೆಯೆತ್ತಿದ್ದು. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾದರೂ ಅಮ್ಮನಿಗೆ ಹರಕೆ ಹೊರುವುದು ನಿಲ್ಲಲಿಲ್ಲ. ಮಕ್ಕಳಿಗೆ ದಡಾರ, ಸೀತಾಳೆ ಎದ್ದರೆ ಇಂದಿಗೂ ಬಾಗಿಲಿಗೆ ಬೇವಿನ ಸೊಪ್ಪು ಬೀಳುತ್ತದೆ. ಅಜ್ಜಿ ಕೂತಲ್ಲಿಂದಲೇ, “ಬೇಲಿ ಕಟ್ಟೋವಾಗ ಒಂದು ಕಡೆ ಸಂದು ಬಿಟ್ರೆ ದನ ಅಲ್ಲೇ ನುಗ್ಗೋದು ಕಣಪ್ಪ. ಅಮ್ಮನ ಸುತ್ತಿಸೋದು ಕಾಯಿಲೆ ಒಳಕ್ಕೆ ಬರದೇ ಇರ್ಲಿ ಅಂತ. ಒಂದು ಬೀದಿ ಬಿಟ್ಟು ಸುತ್ತಿಸಿದ್ರೆ ಏನು ಸುತ್ತಿಸಿದ ಹಾಗಾಯ್ತು?” ಎಂದರು. ಕೋವಿಡ್ ಕಂಡ ಮೇಲೆ ಆ ಮಾತಿಗೆ ಎದುರು ಹೇಳುವುದು ಯಾರಿಗೂ ಸುಲಭವಾಗಿರಲಿಲ್ಲ. ಓಣಿಯ ಬಾಯಲ್ಲಿ ಟ್ರಾಕ್ಟರ್ ನಿಲ್ಲಿಸಿ, ಮೂರ್ತಿಯನ್ನು ಇಳಿಸಿಕೊಂಡು ಹೆಗಲ ಮೇಲೆ ಒಳಗೆ ಕೊಂಡೊಯ್ದು, ಕೊನೆಯ ಮನೆಯ ಆರತಿ ಮುಗಿಸಿ ಹಿಂದಕ್ಕೆ ತರುವುದೆಂದು ತೀರ್ಮಾನವಾಯಿತು. ಅರ್ಚಕರನ್ನು ಫೋನಿನಲ್ಲಿ ಕೇಳಿದಾಗ, ಹೊರುವವರು ಗಟ್ಟಿಯಾಗಿದ್ದರೆ ತಮ್ಮ ಅಡ್ಡಿಯಿಲ್ಲ ಎಂದರು. ಅಪಾರ್ಟ್‌ಮೆಂಟಿನವರು ಮಾತ್ರ ಗೇಟಿನ ಮುಂದೆ ತಮಟೆ ಬೇಡವೆಂದು ಆಗ ಹೇಳಿಕಳಿಸಿದ್ದರಿಂದ ಆ ರಸ್ತೆಯನ್ನು ಹಾದಿಗೆ ಸೇರಿಸಲಿಲ್ಲ.

ಉತ್ಸವದ ವಾರ ಬಂದಾಗ ಕೆಲಸಗಳು ಮೈಮೇಲೆ ಬಿದ್ದವು. ಆ ವರ್ಷ ಫೆಬ್ರವರಿಗೇ ಬೋರ್‌ವೆಲ್‌ಗಳು ಬತ್ತುತ್ತಿದ್ದವು, ಟ್ಯಾಂಕರಿನ ಬೆಲೆ ದಿನದಿನಕ್ಕೆ ಏರುತ್ತಿತ್ತು. ಅನ್ನದಾನಕ್ಕೆ ಸ್ಟೀಲ್ ತಟ್ಟೆಗಳನ್ನು ಬಾಡಿಗೆಗೆ ತಂದರೆ ತೊಳೆಯುವ ನೀರಿಗೇ ದುಡ್ಡು ಸುರಿಯಬೇಕಾದೀತೆಂದು ಅಡಿಕೆ ಹಾಳೆಯ ತಟ್ಟೆಗಳನ್ನು ತರಿಸಿದೆವು. ಹೂವಿಗಾಗಿ ಇಬ್ಬರು ಹುಡುಗರನ್ನು ಕರೆದುಕೊಂಡು ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಗೆ ಹೋದೆ. ಕಟ್ಟಿದ ಹೂವನ್ನು ಮಾರಿನ ಲೆಕ್ಕದಲ್ಲಿ ಕೊಳ್ಳುವುದಕ್ಕಿಂತ ಬಿಡಿ ಸೇವಂತಿಗೆ, ಚೆಂಡುಹೂವು, ಸುಗಂಧರಾಜಗಳನ್ನು ಕೆಜಿಗಟ್ಟಲೆ ತಂದು ಮನೆಮನೆಗೆ ಹಂಚಿದರೆ ಅರ್ಧ ಖರ್ಚು ಉಳಿಯುತ್ತದೆ ಎಂದು ಹಳೇ ಊರಿನ ಹೆಂಗಸರು ಹೇಳಿಕೊಟ್ಟಿದ್ದರು. ಸಂಜೆಯ ಹೊತ್ತಿಗೆ ಲೇಔಟಿನ ಜಗಲಿಗಳಲ್ಲಿಯೂ ವಠಾರದ ಹೊಸ್ತಿಲುಗಳಲ್ಲಿಯೂ ಹೆಂಗಸರು ಹೂ ಕಟ್ಟುತ್ತಿದ್ದರು.

ತಂಬಿಟ್ಟಿನ ಆರತಿಯ ಸಿದ್ಧತೆಗೆ ಇನ್ನೂ ಹೆಚ್ಚು ಶಿಸ್ತು ಬೇಕು. ಅಕ್ಕಿಯನ್ನು ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಆರಹಾಕಿ, ಪೂರ್ತಿ ಒಣಗುವ ಮೊದಲೇ ಹಿಟ್ಟು ಮಾಡಿಸಬೇಕು. ನಮ್ಮ ಗಿರಣಿಯವರು ಅದಕ್ಕೆಂದೇ ಶನಿವಾರ ಬೆಳಿಗ್ಗೆ ಯಂತ್ರದಿಂದ ರಾಗಿ, ಗೋಧಿಗಳ ಹಿಟ್ಟನ್ನೆಲ್ಲ ಝಾಡಿಸಿ, ಮೊದಲು ಒಂದು ಸೇರು ಅಕ್ಕಿ ಹಾಕಿ ಓಡಿಸಿ, ಆಮೇಲೆ ಆರತಿಯ ಅಕ್ಕಿಯನ್ನು ಸರದಿಯಲ್ಲಿ ಬೀಸಿಕೊಟ್ಟರು. ಬೀಸಿದ ಹಸಿ ಹಿಟ್ಟಿಗೆ ತುರಿದ ಬೆಲ್ಲ, ಏಲಕ್ಕಿ, ತುಪ್ಪ ಸೇರಿಸಿ ಅಂಗೈಯಿಂದ ಒತ್ತಿ ನಾದಬೇಕು. ನೀರು ಹಾಕುವಂತಿಲ್ಲ, ಹಿಟ್ಟಿನ ತೇವಕ್ಕೂ ಬೆಲ್ಲದ ಪಸೆಗೂ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಉಂಡೆ ಕಟ್ಟಿ, ಮೇಲೆ ಗುಳಿ ಮಾಡಿ, ತುಪ್ಪದ ಬತ್ತಿ ಇಟ್ಟು, ತಟ್ಟೆಯ ಸುತ್ತ ಹೊಂಬಾಳೆಯನ್ನೂ ಹೂವಿನ ಕಡ್ಡಿಗಳನ್ನೂ ಸಿಕ್ಕಿಸಿದರೆ ಆರತಿ ಸಿದ್ಧ. ಕೇಳಲು ಸಲೀಸು. ನನ್ನ ಎದುರುಮನೆಯ ಹುಡುಗಿ ಬೆಲ್ಲ ಹೆಚ್ಚು ಮಾಡಿಕೊಂಡು ಉಂಡೆ ಸಡಿಲಾದಾಗ, ಅಜ್ಜಿ ಬೈಯುತ್ತಲೇ ಇನ್ನೊಂದು ಹಿಡಿ ಹಿಟ್ಟು ಸುರಿದು ಸರಿಮಾಡಿಕೊಟ್ಟರು.

ಶುಕ್ರವಾರ ಸಂಜೆ ಮೂರ್ತಿ ಓಕಳಿಪುರ, ಟೋಲ್‌ಗೇಟ್ ದಾಟಿ ವಾಹನದಲ್ಲಿ ಬಂದಿತು. ಬಡಾವಣೆಯ ಬಾಯಲ್ಲಿ ಪೂರ್ಣಕುಂಭ, ತಮಟೆ, ದೃಷ್ಟಿ ತೆಗೆದ ಬೂದುಗುಂಬಳ. ಅಲ್ಲಿಂದ ಪೆಂಡಾಲಿಗೆ ಹೆಚ್ಚು ದೂರವಿಲ್ಲದಿದ್ದರೂ ಹೆಜ್ಜೆಗೊಂದು ಮಂಗಳಾರತಿಯಾಗಿ ತಲುಪುವ ಹೊತ್ತಿಗೆ ರಾತ್ರಿಯಾಗಿತ್ತು. ಹೆಂಗಸರು ಮಡಿಲಕ್ಕಿ ತುಂಬಿದರು. ಶನಿವಾರ ಮಧ್ಯಾಹ್ನದಿಂದ ಅನ್ನದಾನ: ಕೇಸರಿಬಾತು, ಪಲಾವು, ಅನ್ನ ಸಾರು, ಮೊಸರನ್ನ. ಸಾಲಿನಲ್ಲಿ ಯಾರು ಚಂದಾ ಕೊಟ್ಟವರು, ಯಾರು ದಾರಿಹೋಕರು ಎಂದು ವಿಚಾರಿಸುವ ಕ್ರಮವಿಲ್ಲ. ಡೆಲಿವರಿ ಹುಡುಗರು ಗಾಡಿ ಬದಿಗೆ ಹಾಕಿ ಉಂಡು ಹೋದರು. ಸಂಜೆಯ ಆರ್ಕೆಸ್ಟ್ರಾ ಹತ್ತಕ್ಕೆ ಐದು ನಿಮಿಷ ಇರುವಾಗ ನಿಂತಿತು. ಹುಡುಗರ ಮುಖ ಬಾಡಿದ್ದನ್ನು ನೋಡಿ ನನಗೂ ಕನಿಕರವಾಯಿತು, ಆದರೆ ನಿಲ್ಲಿಸಿದ್ದು ಒಳ್ಳೆಯದೇ.

ಭಾನುವಾರದ ಮೆರವಣಿಗೆಯಲ್ಲಿ ತಮಟೆಯವರ ಹಿಂದೆ ಪೂಜಾ ಕುಣಿತದವರಿದ್ದರು. ದೇವಿಯ ಮುಖವನ್ನು ಕಟ್ಟಿದ, ಬಣ್ಣದ ಸೀರೆ ಹೊದಿಸಿದ ಎತ್ತರದ ಬಿದಿರಿನ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು ಕುಣಿಯುವ ಕಲೆ ಅದು. ಹಳ್ಳಿಯ ಬಯಲಿಗೆ ಹೇಳಿಮಾಡಿಸಿದ್ದು. ನಮ್ಮ ಅಡ್ಡರಸ್ತೆಗಳಲ್ಲಿ ಕಂಬದಿಂದ ಕಂಬಕ್ಕೆ ಇಂಟರ್‌ನೆಟ್ ಕೇಬಲ್ಲುಗಳು ತಲೆಯ ಮೇಲೆ ಜೋತಾಡುತ್ತಿರುತ್ತವೆ. ಅದಕ್ಕಾಗಿ ಮೂವರು ಹುಡುಗರು ಕವೆಯಿರುವ ಉದ್ದನೆಯ ಬಿದಿರು ಹಿಡಿದು ಮುಂದೆ ನಡೆಯುತ್ತ, ಕೇಬಲ್ಲುಗಳನ್ನು ಎತ್ತಿ ಹಿಡಿದು, ಪೂಜೆ ಮತ್ತು ಟ್ರಾಕ್ಟರ್ ದಾಟಿದ ಮೇಲೆ ಕೆಳಗೆ ಬಿಡುತ್ತಿದ್ದರು. ವಿದ್ಯುತ್ ತಂತಿಯ ಹತ್ತಿರ ಕೋಲು ಹೋಗದಂತೆ ನೋಡಿಕೊಳ್ಳಲು ಎಲೆಕ್ಟ್ರಿಷಿಯನ್ ಒಬ್ಬರು ಅವರ ಜೊತೆಗಿದ್ದರು.

ವಠಾರದ ಓಣಿಯ ಬಾಯಲ್ಲಿ ಟ್ರಾಕ್ಟರ್ ನಿಂತು ಮೂರ್ತಿಯನ್ನು ಇಳಿಸಿದಾಗ, ಹೊರಲು ಮುಂದೆ ಬಂದವರಲ್ಲಿ ಶೆಡ್ಡಿನ ಕೆಲಸಗಾರರೇ ಹೆಚ್ಚಿದ್ದರು. ಯಜಮಾನರ ಮಗನೂ ಹೆಗಲು ಕೊಟ್ಟ. ಓಣಿಯನ್ನು ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಬಾಗಿಲಿಗೊಂದು ಆರತಿ, ಒಂದು ತೆಂಗಿನಕಾಯಿ. ಹಾಗಾಗಿ, ಅಲ್ಲಿಗೆಂದು ನಾವು ಇಟ್ಟುಕೊಂಡಿದ್ದ ಕಾಲು ಗಂಟೆ ಒಂದು ಗಂಟೆಯನ್ನೂ ಮೀರಿತು. ಹಿಂದೆ ಲೇಔಟಿನಲ್ಲಿ ಕಾಯುತ್ತಿದ್ದವರು ಫೋನು ಮಾಡಿ ಗೊಣಗಿದರು. ಹತ್ತು ಗಂಟೆಯ ಲೆಕ್ಕ ಇದ್ದುದರಿಂದ ಲೇಔಟಿನ ಎರಡನೆಯ ಅಡ್ಡರಸ್ತೆಯಲ್ಲಿ ಟ್ರಾಕ್ಟರನ್ನು ಮನೆಮನೆಗೆ ನಿಲ್ಲಿಸದೆ, ಆರತಿಗಳನ್ನು ತಿರುವಿನಲ್ಲಿ ಒಟ್ಟಿಗೆ ಸ್ವೀಕರಿಸಬೇಕಾಯಿತು. ನಮ್ಮ ಮನೆಯ ಆರತಿಯೂ ಅದರಲ್ಲಿತ್ತು. ಬೀಳ್ಕೊಡುವ ಪೂಜೆ ಮುಗಿದು ವಾಹನ ಮೆಜೆಸ್ಟಿಕ್ ಕಡೆಗೆ ಹೊರಟ ಮೇಲೆ ಹುಡುಗರು ಪೆಂಡಾಲ್ ಬಿಚ್ಚಿದರು. ಹೂವು ಮತ್ತು ಹಾಳೆ ತಟ್ಟೆಗಳನ್ನು ಹಸಿಕಸವಾಗಿ ಬೇರೆಯೇ ಮೂಟೆ ಕಟ್ಟಿಟ್ಟು, ಬೆಳಿಗ್ಗೆ ಬಂದ ಪೌರಕಾರ್ಮಿಕರಿಗೆ ಸೀರೆ, ಊಟ, ಕಾಣಿಕೆ ಕೊಟ್ಟೆವು. ಹರಕೆಯ ಕೋಳಿ, ಕುರಿಗಳ ಮಾತು ಬಂದಾಗ, ದೇವರ ಮುಂದೆ ಬಲಿಯನ್ನು 1959ರ ಕಾಯ್ದೆ ನಿಷೇಧಿಸಿರುವುದನ್ನು ಯಜಮಾನರೇ ಮೊದಲು ಹೇಳಿ ಮುಗಿಸಿದ್ದರು. ಮಂಗಳವಾರ ಹಳೇ ಊರಿನ ಮನೆಮನೆಗಳಲ್ಲಿ ನೆಂಟರಿಗೆ ಬಾಡೂಟ ನಡೆಯಿತು. ಅದು ಅವರವರ ಅಡುಗೆಮನೆಯ ವಿಷಯ.

ಲೆಕ್ಕ ಓದಿದ್ದು ಶಿವರಾತ್ರಿ ಕಳೆದ ಮೇಲೆ, ಅದೇ ಕಟ್ಟೆಯ ಬಳಿ. ಪ್ರತಿ ರಸೀದಿಯ ಹೆಸರು ಮತ್ತು ಮೊತ್ತವನ್ನು ಗಟ್ಟಿಯಾಗಿ ಓದುವುದು ಇಲ್ಲಿನ ಕ್ರಮ. ನೂರು ರೂಪಾಯಿಯ ಹೆಸರುಗಳನ್ನು ಒಟ್ಟು ಮಾಡಿ ‘ಇತರೆ’ ಎಂದು ಓದಿದರೆ ಸಾಕಲ್ಲವೇ ಎಂದು ಯಾರೋ ಸಲಹೆ ಕೊಟ್ಟರು. ಒಂದೊಂದಾಗಿ ಓದಿದೆ. ಖರ್ಚು ಕಳೆದು 18,400 ರೂಪಾಯಿ ಉಳಿದಿತ್ತು. ಅದರಲ್ಲಿ ಮುಂದಿನ ವರ್ಷಕ್ಕೆ ಬೆಳ್ಳಿಯ ಛತ್ರಿಯ ಮುಂಗಡ ಕೊಡೋಣ ಎಂದು ಹಳೇ ಊರಿನವರು, ಶಾಮಿಯಾನಾ ಕೊಳ್ಳೋಣ ಎಂದು ಹುಡುಗರು. ಪಾತ್ರೆಗಳ ಬಾಡಿಗೆಗೇ ಹೆಚ್ಚು ಹೋಗಿರುವುದನ್ನು ನಾನು ಪುಸ್ತಕದಲ್ಲಿ ತೋರಿಸಿದ ಮೇಲೆ ಎರಡು ದೊಡ್ಡ ಕೊಳದಪ್ಪಲೆ ಮತ್ತು ಅವುಗಳ ಸೌಟು, ಮುಚ್ಚಳಗಳನ್ನು ಕೊಳ್ಳುವುದೆಂದು ಒಪ್ಪಿದರು. ಅವು ಈಗ ವಠಾರದ ಮಾಲೀಕರ ಖಾಲಿ ಕೋಣೆಯಲ್ಲಿವೆ, ಮದುವೆ ತಿಥಿಗಳಿಗೆ ಬಡಾವಣೆಯ ಯಾರು ಬೇಕಾದರೂ ಬಾಡಿಗೆಯಿಲ್ಲದೆ ಒಯ್ಯಬಹುದು. ತೊಳೆದು ತಂದಿಡಬೇಕು, ಪುಸ್ತಕದಲ್ಲಿ ಸಹಿ ಹಾಕಬೇಕು. ಸಭೆಯ ಕೊನೆಗೆ ಅಪಾರ್ಟ್‌ಮೆಂಟಿನ ಸಂಘದವರೊಬ್ಬರು ಎದ್ದು, ಮುಂದಿನ ಸಲ ತಮ್ಮ ಗೇಟಿನ ಮುಂದೆಯೂ ಅಮ್ಮ ಒಂದು ಗಳಿಗೆ ನಿಲ್ಲಬಹುದೇ, ತಮಟೆಗೆ ಈಗ ಆಕ್ಷೇಪವಿಲ್ಲ ಎಂದು ಕೇಳಿದರು. ದೀಪಾವಳಿಯ ಸಭೆಗೆ ಬರವಣಿಗೆಯಲ್ಲಿ ಕೊಡಿ, ಹಾದಿ ಆಗಲೇ ಗೊತ್ತುಮಾಡುವುದು ಎಂದು ಯಜಮಾನರು ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಂಡೆ.